ಎದುರುಮನೆ ಅಕ್ಕ ಇಡಿಸಿದ ಚುಕ್ಕೆಗಳು

ಹೋದ ವಾರ ಮೆಟ್ರೋದಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗಿಯೊಬ್ಬಳು ಬ್ಯಾಗಿನಿಂದ ನೇಲ್ ಪಾಲಿಶ್ ಶೀಶೆ ತೆಗೆದು, ಬಣ್ಣ ಎದ್ದುಹೋಗಿದ್ದ ಒಂದು ಉಗುರಿಗೆ ಮತ್ತೆ ಹಚ್ಚಿಕೊಂಡಳು. ಒಂದೇ ಉಗುರು. ಆದರೂ ಆ ಘಾಟು ಸುತ್ತ ಹರಡಿ, ಎದುರು ಸೀಟಿನ ಹಿರಿಯರು ಕರ್ಚೀಫನ್ನು ಮೂಗಿಗೆ ಹಿಡಿದರು. ಆ ವಾಸನೆಗೆ ಬೇರೆಯವರಿಗೆ ಮದುವೆಮನೆ ನೆನಪಾಗಬಹುದು, ಹಾಸ್ಟೆಲ್ ನೆನಪಾಗಬಹುದು. ನನಗೆ ನೆನಪಾಗುವುದು ಆಟದ ಕಾರ್ಡುಗಳು, ಮತ್ತು ವೈಯಾಲಿಕಾವಲ್‌ನ ನಮ್ಮ ಎದುರುಮನೆಯ ಅಕ್ಕ.

ನಾನಾಗ ಡಿಗ್ರಿ ಮೊದಲ ವರ್ಷದಲ್ಲಿದ್ದೆ. ಅಕ್ಕನಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ ಅವರದು ಬಾಡಿಗೆ ಮನೆ. ಅವಳ ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಡ್ರೈವರ್ ಆಗಿದ್ದರು. ಹಾಲ್‌ನಲ್ಲಿ ಟೀವಿಯ ಮೇಲ್ಗಡೆ ಬುದ್ಧನ ಫೋಟೋ, ಅದರ ಪಕ್ಕದಲ್ಲಿ ಕಪ್ಪು ಗೌನ್ ಹಾಕಿಕೊಂಡು ನಿಂತಿದ್ದ ಅಕ್ಕನ ಫೋಟೋ. ಅವರ ಎರಡೂ ಕಡೆಯ ಕುಟುಂಬಗಳಲ್ಲಿ ಡಿಗ್ರಿ ಮಾಡಿದ ಮೊದಲ ಹೆಣ್ಣುಮಗಳು ಅವಳು. ಮಲ್ಲೇಶ್ವರದ ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು.

ಕಾರ್ಡುಗಳನ್ನು ನಮ್ಮ ಬೀದಿಗೆ ತಂದವನು ಕಿರಣ. ಅವನು, ಮಂಜು, ನಾನು ಮೂವರೂ ಸ್ಕೂಲಿನಿಂದ ಒಟ್ಟಿಗೆ ಓದಿದವರು, ಹುಡುಗಿ ನಾನೊಬ್ಬಳೇ. ಒಂದೊಂದು ಕಾರ್ಡಿನ ಮೇಲೂ ಒಂದು ವಿಚಿತ್ರ ಪ್ರಾಣಿಯ ಚಿತ್ರ, ಕೆಳಗೆ ಅದರ ಶಕ್ತಿ ಏನು ಎಂದು ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು. ಇಸ್ಪೀಟಿನ ಹಾಗೆ ಎಲ್ಲರಿಗೂ ಒಂದೇ ಕಟ್ಟು ಅಲ್ಲ. ಅವರವರ ಕಟ್ಟನ್ನು ಅವರವರೇ ಜೋಡಿಸಿಕೊಳ್ಳಬೇಕು, ಬೇಡದ್ದನ್ನು ಕೊಟ್ಟು ಬೇಕಾದದ್ದನ್ನು ಬದಲಾಯಿಸಿಕೊಳ್ಳಬೇಕು. ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ಟೆರೇಸ್ ಮೇಲೆ, ತಗಡಿನ ಶೀಟ್ ಹಾಕಿದ್ದ ಜಾಗದಲ್ಲಿ ಚಾಪೆ ಹಾಸಿಕೊಂಡು ಆಡುತ್ತಿದ್ದೆವು. ಬಟ್ಟೆ ಒಣಹಾಕಲು ಬಂದ ಅಕ್ಕ ಬಕೆಟ್ ಹಿಡಿದುಕೊಂಡೇ ನಿಂತು ನೋಡಿದಳು.

"ಏನ್ರೋ ಅದು, ದುಡ್ಡಿಟ್ಟು ಆಡ್ತಿದೀರಾ?"

"ಇಲ್ಲಕ್ಕ, ಇದು ಬೇರೆ," ಎಂದ ಮಂಜು. "ಕೂತ್ಕೊ, ತೋರಿಸ್ತೀವಿ."

ಕೂತವಳು ಏಳಲಿಲ್ಲ. ಬಟ್ಟೆ ಬಕೆಟ್‌ನಲ್ಲೇ ಮುದ್ದೆಯಾಗಿ ಉಳಿಯಿತು. ಮುಂದಿನ ತಿಂಗಳೊಳಗೆ ಅವಳು ನಮ್ಮ ಮೂವರನ್ನೂ ಸೋಲಿಸತೊಡಗಿದ್ದಳು. ಆತುರವಿಲ್ಲದ ಆಟ ಅವಳದು. ನಾವು ಗೆದ್ದೇಬಿಟ್ಟೆವು ಎಂದುಕೊಂಡಾಗ ಸದ್ದಿಲ್ಲದೆ ಒಂದು ಕಾರ್ಡನ್ನು ಚಾಪೆಯ ಮೇಲಿಟ್ಟು, "ಹೂಂ, ಈಗೇನ್ ಮಾಡ್ತೀಯ ನೋಡೋಣ," ಎನ್ನುತ್ತಿದ್ದಳು. ಕೆಳಗಿನಿಂದ ಆಂಟಿ, ಅಂದರೆ ಅಕ್ಕನ ಅಮ್ಮ, ಕೂಗುತ್ತಿದ್ದರು, ಮದುವೆ ವಯಸ್ಸಿಗೆ ಬಂದವಳು ಹುಡುಗರ ಜೊತೆ ಟೆರೇಸ್ ಮೇಲೇನು ಕೆಲಸ ಎಂದು. "ಬಂದೆ ಕಣಮ್ಮ," ಎಂದು ಅಕ್ಕ ಇನ್ನೊಂದು ಆಟಕ್ಕೆ ಕಾರ್ಡು ಕಲಸುತ್ತಿದ್ದಳು. ಆಡಿಟರ್ ಆಫೀಸಿನ ಮಾತನ್ನಾಗಲಿ ಬಂದುಹೋಗುವ ಗಂಡಿನ ಕಡೆಯವರ ಮಾತನ್ನಾಗಲಿ ಅವಳು ಆ ಚಾಪೆಯ ಮೇಲೆ ಒಂದು ದಿನವೂ ಎತ್ತಲಿಲ್ಲ.

ಕಣ್ಣಿನ ವಿಷಯ ನನಗೆ ಯಾವಾಗ ಹೊಳೆಯಿತೋ... ಸರಿಯಾಗಿ ಹೇಳಲಾರೆ. ಸಂಜೆ ಇನ್ನೂ ಬೆಳಕಿರುವಾಗಲೇ "ಏನೂ ಕಾಣ್ತಿಲ್ಲ, ಸಾಕು," ಎಂದು ಏಳುತ್ತಿದ್ದಳು. ಮೆಟ್ಟಿಲಿಳಿಯುವಾಗ ಗೋಡೆ ಸವರಿಕೊಂಡು ಇಳಿಯುತ್ತಿದ್ದಳು. ಒಂದು ದಿನ ನಮ್ಮ ಗೇಟಿನ ಪಕ್ಕ ನಿಲ್ಲಿಸಿದ್ದ ಸ್ಕೂಟರ್‌ಗೆ ನೇರವಾಗಿ ಡಿಕ್ಕಿ ಹೊಡೆದುಕೊಂಡು, ಮೊಣಕಾಲು ಹಿಡಿದುಕೊಂಡು ನಕ್ಕಳು. ಆಮೇಲೆ ಆಡಿಟರ್ ಆಫೀಸಿನ ಕೆಲಸ ಬಿಟ್ಟಳು. ಬೋರ್ ಆಯ್ತು ಎಂದು ಎಲ್ಲರಿಗೂ ಹೇಳಿದಳು.

ಒಂದು ಮಧ್ಯಾಹ್ನ ನನ್ನೊಬ್ಬಳನ್ನೇ ಮನೆಗೆ ಕರೆದಳು. ಮಂಚದ ಮೇಲೆ ಅವಳ ಕಾರ್ಡುಗಳೆಲ್ಲ ಹರಡಿದ್ದವು. ಕೊಳೆಯಾಗದಿರಲೆಂದು ಪ್ರತಿ ಕಾರ್ಡಿಗೂ ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಕವರ್ ಹಾಕಿರುತ್ತೇವೆ. ಅಕ್ಕನ ಕೈಯಲ್ಲಿ ಬಣ್ಣವಿಲ್ಲದ ನೇಲ್ ಪಾಲಿಶ್ ಶೀಶೆ ಇತ್ತು.

"ಈ ಸ್ಲೀವ್ ಮೂಲೇಲಿ ಒಂದು ಹನಿ ಇಡ್ಬೇಕು. ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಹಂಗೆ. ನಾನಿಟ್ರೆ ಎಲ್ಲೆಲ್ಲೋ ಬೀಳುತ್ತೆ," ಎಂದಳು.

"ಯಾಕಕ್ಕ?"

ಹೇಳಿದಳು. ಕಣ್ಣಿನ ಡಾಕ್ಟರ್ ಹತ್ತಿರ ಹೋಗಿಬಂದಿದ್ದರಂತೆ. ನೋಟ ಸುತ್ತಲಿಂದ ಮುಚ್ಚಿಕೊಂಡು ಬರುವ ಕಾಯಿಲೆ, ಔಷಧಿಯಿಲ್ಲ, ಕನ್ನಡಕ ಹಾಕಿದರೂ ಪ್ರಯೋಜನವಿಲ್ಲ. ಈಗ ಒಳ್ಳೆಯ ಬೆಳಕಿನಲ್ಲಿ ನಟ್ಟನಡುವೆ ಒಂದಿಷ್ಟು ಕಾಣುತ್ತದೆ. ಮುಂದೆ ಅದೂ ಇರುವುದಿಲ್ಲ. ಇದನ್ನು ಹೇಳುವಾಗ ಅಕ್ಕ ಅಳಲಿಲ್ಲ. ಬಾಗಿಲ ಕಡೆ ಕಿವಿಗೊಟ್ಟು, ದನಿ ತಗ್ಗಿಸಿ ಹೇಳಿದಳು.

"ಯಾರಿಗೂ ಹೇಳ್ಬೇಡ. ಚಾಮರಾಜಪೇಟೆಯವರು ಒಪ್ಕೊಂಡಿದಾರೆ. ಮದುವೆ ಆದ್ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು ಅಂತಾಳೆ ಅಮ್ಮ. ಕಿರಣನ ಅಮ್ಮಂಗೆ ಗೊತ್ತಾದ್ರೆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತೆ."

ನಾನು ಹನಿ ಇಡುತ್ತಾ ಹೋದೆ. ಕೋಣೆಯ ತುಂಬ ಆ ಘಾಟು. ಒಣಗಿದ ಮೇಲೆ ಅಕ್ಕ ಬೆರಳ ತುದಿಯಿಂದ ಸವರಿ, ಇದು ಇಂಥದ್ದು, ಇದು ಇಂಥದ್ದು ಎಂದು ಹೇಳುತ್ತಾ ಹೋದಳು, ಒಂದೂ ತಪ್ಪಲಿಲ್ಲ. ಇದು ಆಟದ ನಿಯಮಕ್ಕೆ ವಿರುದ್ಧ ಎಂದು ಇಬ್ಬರಿಗೂ ಗೊತ್ತಿತ್ತು. ಗುರುತಿರುವ ಕಾರ್ಡು ಕಟ್ಟಿನ ಮೇಲಿದ್ದರೆ ಎತ್ತುವ ಮೊದಲೇ ಬೆರಳಿಗೆ ತಿಳಿದುಬಿಡುತ್ತದೆ. "ಎತ್ತೋಕ್ ಮುಂಚೆ ಮುಟ್ಟಲ್ಲ, ಕೈಗೆ ಬಂದ್ಮೇಲೆ ಮಾತ್ರ," ಎಂದಳು ಅಕ್ಕ. ಆಮೇಲಿನ ಆಟಗಳಲ್ಲಿ ನಾನು ಗಮನಿಸಿದೆ. ಮೇಲಿನ ಕಾರ್ಡನ್ನು ಅವಳು ಮೂಲೆ ಬಿಟ್ಟು, ಮಧ್ಯದಲ್ಲಿ ಹಿಡಿದು ಎಳೆದುಕೊಳ್ಳುತ್ತಿದ್ದಳು. ಒಮ್ಮೆಯೂ ಬೇರೆ ರೀತಿ ಮಾಡಿದ್ದನ್ನು ನಾನು ಕಾಣಲಿಲ್ಲ.

ಆ ವರ್ಷ ಊರಾಚೆಯ ದೊಡ್ಡ ಹಾಲ್‌ನಲ್ಲಿ ಕಾಮಿಕ್ ಕನ್ವೆನ್ಶನ್ ಇತ್ತು. ಚಿತ್ರಕಥೆಯ ಪುಸ್ತಕಗಳು, ಅವುಗಳಲ್ಲಿನ ಪಾತ್ರಗಳ ವೇಷ ಹಾಕಿಕೊಂಡು ಬರುವ ಜನ, ಒಂದು ಮೂಲೆಯಲ್ಲಿ ನಮ್ಮ ಆಟದ ಪಂದ್ಯ. ಹೋಗೋಣ ಎಂದು ಹಟ ಹಿಡಿದವಳು ಅಕ್ಕನೇ. "ನೀವು ಮೂರು ಜನ ಹೆಂಗಾಡ್ತೀರಿ ಅನ್ನೋದು ನಂಗೆ ಬಾಯಿಪಾಠ. ಒಂದ್ಸಲ ಗೊತ್ತಿಲ್ಲದವರ ಜೊತೆ ಆಡ್ಬೇಕು," ಎಂದಳು. ಮದುವೆಗೆ ಹೆಚ್ಚು ದಿನ ಇರಲಿಲ್ಲ. ಸೀರೆಗೆ ಫಾಲ್ ಹಾಕಿಸಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಳು.

ಹಾಲ್‌ನೊಳಗೆ ಹೋಗುತ್ತಲೇ ನನ್ನ ತೋಳು ಹಿಡಿದಳು. ಗೆಳತಿಯರು ಹಿಡಿದುಕೊಳ್ಳುವ ಹಾಗೆಯೇ, ಯಾರಿಗೂ ಅನುಮಾನ ಬರುವಂತಿರಲಿಲ್ಲ. ವೇದಿಕೆಯ ಕಡೆ ಕಣ್ಣು ಕುಕ್ಕುವ ಲೈಟು, ಉಳಿದೆಡೆ ಮಬ್ಬು. ರಟ್ಟಿನ ದೊಡ್ಡ ರೆಕ್ಕೆ ಕಟ್ಟಿಕೊಂಡಿದ್ದ ಹುಡುಗನೊಬ್ಬ ಅಕ್ಕನ ಭುಜಕ್ಕೆ ತಗುಲಿ ಸಾರಿ ಎಂದ. "ಏನದು ತಾಗಿದ್ದು?" ಎಂದು ಕಿವಿಯಲ್ಲಿ ಕೇಳಿದಳು. ರೆಕ್ಕೆ ಎಂದೆ. "ಯಾವ ಬಣ್ಣ?" ನೀಲಿ, ತುದಿಯಲ್ಲಿ ಬೆಳ್ಳಿ ಬಣ್ಣ, ಒಂದು ಕಡೆ ಟೇಪ್ ಬಿಟ್ಟುಕೊಂಡಿದೆ ಎಂದೆ. ಅಕ್ಕ ನಕ್ಕಳು. ಮುಖಕ್ಕೆ ಹಸಿರು ಬಳಿದುಕೊಂಡವರು, ರಟ್ಟಿನ ಪೆಟ್ಟಿಗೆಯ ಕವಚ ತೊಟ್ಟವರು, ಮಗುವನ್ನು ಹೆಗಲಿಗೆ ಹಾಕಿಕೊಂಡು ಖಡ್ಗ ಹಿಡಿದ ಅಪ್ಪ, ಎಲ್ಲರನ್ನೂ ವರ್ಣಿಸುತ್ತಾ ನಡೆದೆ. ಅಕ್ಕನ ಜೊತೆ ಕಳೆದ ಹೊತ್ತಿನಲ್ಲಿ ನನಗೆ ತುಂಬ ಇಷ್ಟವಾದದ್ದು ಆ ಸ್ವಲ್ಪ ಹೊತ್ತೇ.

ಪಂದ್ಯದಲ್ಲಿ ಕಿರಣ, ಮಂಜು, ನಾನು ಬೇಗ ಸೋತು ಹೊರಬಿದ್ದೆವು. ಅಕ್ಕ ಗೆದ್ದಳು. ಮತ್ತೆ ಗೆದ್ದಳು. ನಾವು ಮೂವರೂ ಅವಳ ಕುರ್ಚಿಯ ಹಿಂದೆ ನಿಂತೆವು. ಎದುರಾಳಿ ಇಟ್ಟ ಕಾರ್ಡು ಓದಲು ಅವಳು ಮೇಜಿನ ಮೇಲೆ ಬಾಗುತ್ತಿದ್ದಳು. ಯೋಚನೆ ಮಾಡುತ್ತಿದ್ದಾಳೆ ಎಂದು ಕಿರಣ ಹೆಮ್ಮೆಯಿಂದ ಪಕ್ಕದವರಿಗೆ ಹೇಳುತ್ತಿದ್ದ.

ಮೂರನೆಯ ಆಟಕ್ಕೆ ಎದುರು ಕೂತವನು ಕಾಲೇಜು ಹುಡುಗ. ಆಟಕ್ಕೆ ಮುಂಚೆ ಒಬ್ಬರ ಕಟ್ಟನ್ನು ಇನ್ನೊಬ್ಬರು ಕಲಸಿಕೊಡುವುದು ಪದ್ಧತಿ. ಅವನು ಅಕ್ಕನ ಕಟ್ಟನ್ನು ಕಲಸುತ್ತಾ ನಿಲ್ಲಿಸಿ, ಹೆಬ್ಬೆರಳಿನಿಂದ ಒಂದು ಮೂಲೆ ಸವರಿದ. ಇನ್ನೊಂದನ್ನು ಸವರಿದ. ಕೈಯೆತ್ತಿ ಜಡ್ಜನ್ನು ಕರೆದ.

ಕಪ್ಪು ಟೀ ಶರ್ಟಿನ ಜಡ್ಜ್ ಬಂದು, ಫೋನಿನ ಟಾರ್ಚ್ ಹಾಕಿ ನೋಡಿದ. "ಮೇಡಂ, ಇದೇನು? ಮೂಲೇಲಿ ಏನೋ ಗಂಟು ಗಂಟಾಗಿದೆ."

"ಮಾರ್ಕ್ ಮಾಡಿದಾರೆ ಬ್ರೋ, ಗೊತ್ತಾಗ್ತಿಲ್ವಾ," ಎಂದ ಆ ಹುಡುಗ. ಅಕ್ಕಪಕ್ಕದ ಮೇಜಿನವರು ತಿರುಗಿದರು.

ಜಡ್ಜ್ ಒಳ್ಳೆಯವನೇ. ಬಾಗಿ, ಮೆಲ್ಲಗೆ ಕೇಳಿದ. "ಏನಾದ್ರೂ ಕಾರಣ ಇದ್ರೆ ಹೇಳಿ ಮೇಡಂ. ನಾನು ಸೀನಿಯರ್ ಹತ್ರ ಮಾತಾಡ್ತೀನಿ."

ಕಾರಣ ಹೇಳಲು ಅಕ್ಕನಿಗೆ ಒಂದು ವಾಕ್ಯ ಸಾಕಿತ್ತು. ನನ್ನ ಬಾಯಿಗೆ ಅದು ಬಂದೇಬಿಟ್ಟಿತ್ತು. ಅಕ್ಕ ಹಿಂದೆ ಕೈಚಾಚಿ, ತಡಕಾಡಿ, ನನ್ನ ಮಣಿಕಟ್ಟು ಹಿಡಿದಳು. ಕಿರಣ, ಮಂಜು ಇಬ್ಬರೂ ಅಲ್ಲೇ ನಿಂತಿದ್ದರು.

"ಕಾರಣ ಏನಿಲ್ಲ," ಎಂದಳು. "ಗೆಲ್ಲೋಣ ಅಂತ ಮಾಡ್ದೆ."

ಪಂದ್ಯದ ಪಟ್ಟಿಯಲ್ಲಿ ಅವಳ ಹೆಸರನ್ನು ಹೊಡೆದುಹಾಕಿದರು. ಯಾರೋ ಒಬ್ಬ ಫೋನಿನಲ್ಲಿ ಅವಳ ಫೋಟೋ ತೆಗೆದ. ಮಂಜು ಜನರ ನಡುವೆ ಹೋಗಿಬಿಟ್ಟ. ಕಿರಣ ಮಾತ್ರ ಬಾಗಿಲ ತನಕ ಬಂದು, "ನಮ್ ಹತ್ರಾನೂ ಹಿಂಗೇ ಆಡ್ತಿದ್ಯಾ ಅಕ್ಕ?" ಎಂದು ಕೇಳಿದ. ಅಕ್ಕ ಹೂಂ ಎಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾವಿಬ್ಬರೇ. ಯಾಕೆ ಹಾಗೆ ಹೇಳಿದೆ ಎಂದು ನಾನು ಅಳುತ್ತಾ ಕೇಳಿದ್ದಕ್ಕೆ ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು, "ಮೋಸ ಮಾಡಿದ್ಲು ಅಂದ್ರೆ ನಾಕ್ ದಿನಕ್ಕೆ ಮರೀತಾರೆ. ಕಣ್ಣಿಲ್ಲ ಅಂದ್ರೆ ಯಾವಾಗ್ ಮರೀತಾರೆ, ಹೇಳು."

ಟೆರೇಸ್ ಮೇಲಿನ ಆಟ ಅಲ್ಲಿಗೆ ನಿಂತಿತು. ಹುಡುಗರು ಬರಲಿಲ್ಲ. ಮದುವೆಗೂ ಬರಲಿಲ್ಲ. ಅವಳು ಅಷ್ಟು ಕೊಟ್ಟು ಉಳಿಸಿಕೊಂಡ ಮದುವೆ ಒಂದು ವರ್ಷವೂ ಬಾಳಲಿಲ್ಲ. ಚಾಮರಾಜಪೇಟೆಯ ಮನೆಯಲ್ಲಿ ನಡುಮನೆ ಕತ್ತಲೆಯಂತೆ. ತಟ್ಟೆ ಬಿಟ್ಟು ನೆಲಕ್ಕೆ ಸಾರು ಬಡಿಸಿದಳಂತೆ, ಹೊಸಿಲು ಎಡವಿ ಬಿದ್ದಳಂತೆ. ಅತ್ತೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಎಲ್ಲ ಹೊರಬಿತ್ತು. ಗಂಡ ಆಟೋದಲ್ಲಿ ಸೂಟ್‌ಕೇಸ್ ಸಮೇತ ತಂದುಬಿಟ್ಟು, ಮಹಡಿ ಹತ್ತದೆ ಗೇಟಿನಿಂದಲೇ ಹೊರಟುಹೋದರು. ನಾನು ನಮ್ಮ ಕಿಟಕಿಯಿಂದ ನೋಡಿದೆ.

"ಅವರದೇನ್ ತಪ್ಪು," ಎಂದಿದ್ದಳು ಅಕ್ಕ. "ನಾವು ಹೇಳ್ಲಿಲ್ಲ."

ಆಮೇಲೆ ನಾನು ಆಗಾಗ ಹೋಗುತ್ತಿದ್ದೆ. ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಿಸುವ ಕಡೆ ಸೇರಿಸೋಣ ಎಂದರೆ ಆಂಟಿ ಒಪ್ಪಲಿಲ್ಲ. ಕೋಲು ಹಿಡಿದುಕೊಂಡು ಈ ಬೀದಿಯಲ್ಲಿ ಓಡಾಡುವುದು ಬೇಡ ಎಂದರು. ಅಕ್ಕನೂ ಜೋರು ಮಾಡಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು ಟೀವಿ ಕೇಳುತ್ತಿದ್ದಳು. ಅದರ ಮುಂದಿನ ವರ್ಷ, ಅವಳಿಗೆ ಬೆಳಕು ಎಲ್ಲಿದೆ ಎನ್ನುವುದಷ್ಟೇ ತಿಳಿಯುವ ಹೊತ್ತಿಗೆ, ನಾನು ಕಾರ್ಡು ತೆಗೆದುಕೊಂಡು ಹೋದೆ. ಹೊಸ ಕಾರ್ಡುಗಳು ಬಂದಿದ್ದವು, ಹಳೆಯ ಗುರುತುಗಳು ಅವಕ್ಕೆ ಸಾಲುತ್ತಿರಲಿಲ್ಲ. ನಿನ್ನ ಕಾರ್ಡನ್ನೂ ನಾನೇ ಓದಿ ಹೇಳುತ್ತೇನೆ, ಆಡೋಣ ಎಂದೆ. ಸ್ವಲ್ಪ ಹೊತ್ತು ಆಡಿದೆವು. ಅವಳು ಗೆಲ್ಲಲಿ ಎಂದು ನಾನು ಬೇಕೆಂದೇ ತಪ್ಪು ಕಾರ್ಡು ಇಟ್ಟೆ. ಅಕ್ಕನಿಗೆ ತಕ್ಷಣ ಗೊತ್ತಾಯಿತು.

"ನನ್ ಕೈಲೇನಿದೆ ಅಂತ ನಿಂಗೆ ಗೊತ್ತು," ಎಂದಳು. "ಇನ್ನೇನ್ ಆಟ. ತೆಗೆದಿಡು."

ತೆಗೆದಿಟ್ಟೆ. ಆ ಕಟ್ಟು ಆಮೇಲೆ ಏನಾಯಿತೋ... ಅಕ್ಕನ ಅಪ್ಪ ರಿಟೈರ್ ಆದ ಮೇಲೆ ಅವರು ಮನೆ ಖಾಲಿ ಮಾಡಿದರು. ಕೆಂಗೇರಿ ದಾಟಿ ಎಲ್ಲೋ ಬಾಡಿಗೆ ಕಡಿಮೆ ಎಂದು ಹೋದರು. ಮೊದಮೊದಲು ಫೋನ್ ಮಾಡಿದರೆ ಅಕ್ಕ ಮಾತಾಡುತ್ತಿದ್ದಳು. ಬರುಬರುತ್ತಾ "ಹೂಂ", "ಇಲ್ಲ", "ಸರಿ" ಇಷ್ಟೇ ಆಯಿತು. ಒಮ್ಮೆ ಅಡ್ರೆಸ್ ಕೇಳಿದಾಗ, "ಬರ್ಬೇಡ ಕಣೇ, ನೀನ್ ಬಂದ್ ಹೋದ್ಮೇಲೆ ನಂಗೆ ಜಾಸ್ತಿ ಕಷ್ಟ ಆಗುತ್ತೆ," ಎಂದಳು. ಅದರ ನಂತರ ನಾನೂ ಫೋನ್ ಮಾಡಲಿಲ್ಲ. ಕಿರಣನಿಗೆ ನಿಜ ಹೇಳಿದ್ದು ಎಷ್ಟೋ ವರ್ಷಗಳ ನಂತರ, ಯಾವುದೋ ರಿಸೆಪ್ಷನ್‌ನಲ್ಲಿ ಊಟಕ್ಕೆ ಕಾಯುತ್ತಿದ್ದಾಗ. ಅಷ್ಟರಲ್ಲಿ ಅವನ ಮಗಳು ಅಳುತ್ತಾ ಬಂದಳು, ಎತ್ತಿಕೊಂಡು ಹೋದ.

ಈಗ ನಮ್ಮ ಆಫೀಸಿನಲ್ಲಿ ಆ ಪಂದ್ಯಗಳಿಗೆ ಹೋಗುವ ಹುಡುಗನೊಬ್ಬನಿದ್ದಾನೆ. ಮೆಟ್ರೋದಲ್ಲಿ ಆ ವಾಸನೆ ಬಂದ ಮಾರನೆಯ ದಿನ ಅವನನ್ನು ಕೇಳಿದೆ, ಕಣ್ಣು ಕಾಣದವರು ಆಡಬಹುದಾ ಎಂದು. ಮೊದಲೇ ತಿಳಿಸಿದರೆ ಏನಾದರೂ ವ್ಯವಸ್ಥೆ ಮಾಡುತ್ತಾರೆ, ಪಕ್ಕದಲ್ಲಿ ಒಬ್ಬರು ಕೂತು ಓದಿ ಹೇಳುತ್ತಾರೆ, ಹಾಗೆ ಓದುವವರು ಆಡುವವರಲ್ಲ ಎಂದ. ಆಡುವವರಲ್ಲ ಎನ್ನುವ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಭಾನುವಾರ ಬೆಳಿಗ್ಗೆ, ತಿಂಡಿ ಮುಗಿದ ಮೇಲೆ, ಆಂಟಿಯ ಹಳೆಯ ನಂಬರಿಗೆ ಫೋನ್ ಮಾಡಿದೆ.

ಆಂಟಿಯೇ ಎತ್ತಿದರು. ದನಿ ಸಣ್ಣಗಾಗಿತ್ತು. ಹಿಂದೆ ಕುಕ್ಕರ್ ಕೂಗುತ್ತಿತ್ತು. ನಾನು ಹೆಸರು ಹೇಳಿದೆ, ಚೆನ್ನಾಗಿದ್ದೀರಾ ಎಂದೆ, ಅಕ್ಕನಿಗೆ ಒಂದು ವಿಷಯ ಹೇಳಬೇಕಿತ್ತು ಎಂದೆ.

"ಯಾರಮ್ಮ?" ಎಂದು ಅಕ್ಕ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹತ್ತಿರದಲ್ಲೇ ಎಲ್ಲೋ ಕುಳಿತಿದ್ದಳು. ಅದೇ ದನಿ, ಒಂದು ಚೂರೂ ಬದಲಾಗಿರಲಿಲ್ಲ. ಆಂಟಿ ನನ್ನ ಹೆಸರು ಹೇಳಿದರು.

ಕುಕ್ಕರ್ ಇನ್ನೊಮ್ಮೆ ಕೂಗಿತು.

"ಮಲಗಿದಾಳೆ ಕಣಮ್ಮ," ಎಂದರು ಆಂಟಿ.

"ಸರಿ ಆಂಟಿ, ಎಬ್ಬಿಸ್ಬೇಡಿ," ಎಂದೆ.