ಚೀಲದಲ್ಲಿ ಉಳಿದ ಸೀಟಿ

ಲಂಡನ್ನಿನ ಇಲ್ಫರ್ಡಿನಲ್ಲಿ ನಾನು ಇಳಿದುಕೊಂಡಿರುವುದು ಧಾರವಾಡದ ಚಿಕ್ಕಮ್ಮನ ಮಗಳು ಸವಿತಾಳ ಮನೆಯಲ್ಲಿ. ಹೋದ ವರ್ಷ ಸ್ಕಾಟ್‌ಲೆಂಡಿನ ಬೆಟ್ಟದಲ್ಲಿ ಮಂಜು ಕವಿದು ದಾರಿ ತಪ್ಪಿದ್ದವಳು, ನಾಳೆ ಮತ್ತೆ ಅಲ್ಲಿಗೇ ಒಬ್ಬಳೇ ಹೊರಟಿದ್ದಾಳೆ. ಸಂಜೆ ಸೊಂಟಕ್ಕೆ ಕಟ್ಟುವ ಪುಟ್ಟ ಚೀಲಕ್ಕೆ ದಿಕ್ಸೂಚಿ, ಟಾರ್ಚು, ಬೆಂಕಿಪೊಟ್ಟಣ, ಮೊಬೈಲು, ಸೀಟಿ ತುಂಬಿದಳು. ಜಿಪ್ ಮುಚ್ಚದಾಗ ಮೊಬೈಲು ತೆಗೆದು, ಸೀಟಿ ಉಳಿಸಿಕೊಂಡಳು.

“ಫೋನ್ ಯಾಕ ತಗದಿ?” ಗಂಡ ಮೋಹನ ಕೇಳಿದರು.

“ಅಲ್ಲೆ ಸಿಗ್ನಲ್ ಇರಂಗಿಲ್ರಿ. ಸೀಟಿ ಊದಿದ್ರ ಯಾರರೆ ಬರ್ತಾರ.”

“ಯಾರು ಬರ್ತಾರ?”

ಸವಿತಾ ಹಿತ್ತಲ ಬಾಗಿಲು ತೆರೆದು ಜೋರಾಗಿ ಸೀಟಿ ಊದಿದಳು.

ಸ್ವಲ್ಪ ಹೊತ್ತಿಗೆ ಮುಂಬಾಗಿಲ ಬೆಲ್ ಆಯಿತು. ಪಕ್ಕದ ಮನೆಯ ಇಂಗ್ಲಿಷ್ ಮುದುಕ ಬರಿಗಾಲಲ್ಲೇ ಓಡಿಬಂದಿದ್ದ. ಯಾರಿಗೆ ಏನಾಯಿತೆಂದು ಏದುಸಿರು ಬಿಡುತ್ತ ಕೇಳಿದ.

ಮೋಹನ ಅವನಿಗೆ ಕುರ್ಚಿ ಕೊಟ್ಟು, ಹೆಂಡತಿಯತ್ತ ತಿರುಗಿ, “ಹೋಗಿ ಬಾ” ಎಂದರು.