ಬಾಣಂತಿ ಕೋಣೆಯ ಸೂರು

ಗಾಳಿ ಎಂದರೆ ನಮ್ಮ ಅಜ್ಜಿಯ ಲೆಕ್ಕದಲ್ಲಿ ಯಮನ ಖಾಸಾ ತಮ್ಮ. ಐವತ್ತರ ದಶಕದ ಕೊನೆಯಲ್ಲಿ ಚೊಚ್ಚಲ ಹೆರಿಗೆಗೆಂದು ನಾನು ಅರಸೀಕೆರೆಯಿಂದ ಬೇಲೂರಿನ ತವರಿಗೆ ಬಂದಾಗ, ಅವನನ್ನು ಒಳಗೆ ಬಿಡದಿರಲು ಅವಳು ಮಾಡಿದ ಏರ್ಪಾಡು ನೋಡಬೇಕಿತ್ತು. ಬಾಣಂತಿ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದಕ್ಕೆ ಕಂಬಳಿ ಜಡಿದಳು. ಬಾಗಿಲ ಸಂದಿಗೆ ಹರಿದ ಸೀರೆ ತುರುಕಿದಳು. ಗೋಡೆಯಲ್ಲಿ ಇಲಿ ತೋಡಿದ್ದ ಬಿಲಕ್ಕೆ ಸಗಣಿ, ಮಣ್ಣು ಕಲಸಿ ಮೆತ್ತಿದಳು. ಇನ್ನು ಉಳಿದ ತೂತೆಂದರೆ ನನ್ನ ಕಿವಿ, ಅದಕ್ಕೂ ಹತ್ತಿ ಇಟ್ಟಳು. ಮೂಲೆಯಲ್ಲಿ ಅಗ್ಗಿಷ್ಟಿಕೆ, ಅದರೊಳಗೆ ಸಾಂಬ್ರಾಣಿ. ನಾನೂ ನನ್ನ ಮಗಳೂ ಹೊಗೆಗೆ ಇಟ್ಟ ಬಾಳೆಗೊನೆಯ ಹಾಗೆ ಹಣ್ಣಾಗುತ್ತಿದ್ದೆವು.

ನಗುವ ವಿಷಯವೇನೂ ಆಗಿರಲಿಲ್ಲ. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಅದೇ ಕೋಣೆಯಲ್ಲಿ, ಇನ್ನೂ ಹಸುಗೂಸಾಗಿದ್ದಾಗಲೇ, ಥಂಡಿ ಹಿಡಿದು ಹೋಗಿದ್ದ. ಮನೆಯಲ್ಲಿ ಅವನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನನ್ನ ಮಗಳೂ ಅಂಗೈಯಗಲದ ಜೀವ, ಹುಟ್ಟಿದಾಗಿನಿಂದ ಮೂಗು ಗೊರಗೊರ. ಅವಳು ಉಳಿದರೆ ಸಾಕು ಎನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಇಷ್ಟೆಲ್ಲ ಭದ್ರ ಮಾಡಿದವರು ಒಮ್ಮೆಯೂ ಕತ್ತೆತ್ತಿ ಮೇಲೆ ನೋಡಿರಲಿಲ್ಲ. ಕೋಣೆಗೆ ಅಟ್ಟ ಇರಲಿಲ್ಲ. ಅಂಗಾತ ಮಲಗಿದ್ದ ನನಗೆ ಕಾಣುತ್ತಿದ್ದದ್ದು ಬಿದಿರಿನ ದಬ್ಬೆ, ಅದರ ಮೇಲೆ ನಾಡಹೆಂಚು, ಹೆಂಚುಗಳ ನಡುವೆ ಧಾರಾಳವಾಗಿ ಆಕಾಶ. ಇದು ಕೋತಿಗಳ ಕೃಪೆ. ಕೋತಿಗಳು ಬಂದದ್ದು ಅಣ್ಣನ ಕೃಪೆ. ಅಣ್ಣ ಎಂದರೆ ನಮ್ಮ ತಂದೆ, ನಾವು ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ದೇವಸ್ಥಾನದ ಪಾಕಶಾಲೆಯಲ್ಲಿ ಅವರಿಗೆ ಅಡುಗೆ ಕೆಲಸ. ಪ್ರತಿ ಶನಿವಾರ ತಮ್ಮ ಪಾಲಿನ ಪುಳಿಯೋಗರೆಯನ್ನು ಮನೆಗೆ ತಂದು, ಉಂಡೆ ಕಟ್ಟಿ, ಹಿತ್ತಲಲ್ಲಿ ನಿಂತು ಸೂರಿನ ಮೇಲಕ್ಕೆ ಎಸೆಯುತ್ತಿದ್ದರು. ನೆಲದ ಮೇಲಿಟ್ಟರೆ ನಾಯಿ ಬಾಯಿ ಹಾಕುತ್ತದಂತೆ, ಆಂಜನೇಯನ ಪಾಲು ನಾಯಿಗೆ ಹೋಗಬಾರದಂತೆ. ಹೀಗಾಗಿ ಬೇಲೂರಿನ ಸಮಸ್ತ ವಾನರಸೇನೆಗೆ ನಮ್ಮ ಸೂರೇ ಭೋಜನಶಾಲೆ. ಉಂಡ ಮೇಲಾದರೂ ತೆಪ್ಪಗೆ ಹೋಗುತ್ತವೆಯೇ? ಸಂದಿಗೆ ಬಿದ್ದ ಅಗುಳಿಗಾಗಿ ಒಂದೊಂದೇ ಹೆಂಚು ಎತ್ತಿ ನೋಡುತ್ತಿದ್ದವು.

ಮಳೆಗಾಲಕ್ಕೆ ಮುಂಚೆ ಮಾದಿಹಳ್ಳಿಯ ಆಳೊಬ್ಬ ಬಂದು ಹೆಂಚು ಕೈಯಾಡಿಸುವುದು ವಾಡಿಕೆ. ಎಲ್ಲವನ್ನೂ ತೆಗೆದು, ಒಡೆದದ್ದನ್ನು ಬಿಸಾಕಿ, ಮತ್ತೆ ಒತ್ತಾಗಿ ಹೊದಿಸುತ್ತಿದ್ದ. ಆ ವರ್ಷವೂ ಬಂದ. ಅಜ್ಜಿ ಅವನನ್ನು ಬಾಗಿಲಲ್ಲೇ ತಡೆದಳು. ಬಾಣಂತಿಯ ತಲೆಯ ಮೇಲೆ ಗಂಡಸು ಓಡಾಡಕೂಡದು, ಕೂಸಿನ ಮೇಲೆ ಸೂರಿನ ದೂಳು ಉದುರಕೂಡದು, ಬಾಣಂತನ ಮುಗಿದ ಮೇಲೆ ಬಾ ಎಂದಳು. "ಅಷ್ಟೊತ್ಗೆ ಮಳೆನೂ ಮುಗ್ದಿರ್ತೈತೆ ಕಣಮ್ಮೋ" ಎಂದು ಗೊಣಗುತ್ತಾ, ತಂದಿದ್ದ ಹೊಸ ಹೆಂಚನ್ನು ಹಿತ್ತಲಲ್ಲಿ ಒಟ್ಟಿ ಅವನು ಹೊರಟುಹೋದ. ಅಂತೂ ಗೋಡೆಯಿಂದ ಒಂದೆಳೆ ಗಾಳಿ ನುಸುಳುವ ಹಾಗಿಲ್ಲ, ಸೂರಿನಿಂದ ಬೇಕಾದರೆ ಬ್ರಹ್ಮಾಂಡವೇ ಇಳಿದು ಬರಲಿ.

ಮುಂಗಾರು ಇಳಿದೇ ಬಂತು. ಅಮ್ಮ ಸೋರುವಲ್ಲೆಲ್ಲ ಚೆಂಬು, ಬೋಗುಣಿ ಇಟ್ಟಳು. ತೊಟ್ಟಿಲನ್ನು ತೂಗಿದ್ದಕ್ಕಿಂತ ಸರಿಸಿದ್ದೇ ಹೆಚ್ಚು. ಅರಸೀಕೆರೆಯ ನನ್ನ ಗಂಡನ ಮನೆಗೆ ಮಂಗಳೂರು ಹೆಂಚು, ಅಲ್ಲಿನ ಕೋತಿಗಳೂ ರೈಲು ಪ್ರಯಾಣಿಕರನ್ನೇ ನೆಚ್ಚಿಕೊಂಡಿದ್ದವು. ವಾಪಸ್ಸು ಹೋಗುತ್ತೇನೆ ಎಂದರೆ ಅಜ್ಜಿ ಬಿಡಲಿಲ್ಲ. ಕೂಸಿನ ಹಾಸಿಗೆ ಒದ್ದೆಯಾಗಿದೆ ಎಂದು ಹೇಳಿದ್ದಕ್ಕೆ ಬಹಳ ಯೋಚನೆ ಮಾಡಿ, ಕಿಟಕಿಗೆ ಇನ್ನೊಂದು ಕಂಬಳಿ ಜಡಿದಳು.

ಒಂದು ಶನಿವಾರ ಮಧ್ಯಾಹ್ನ ಅಣ್ಣ ಬರುವುದು ತಡವಾಯಿತು. ಊಟದ ಹೊತ್ತಿಗೆ ಸರಿಯಾಗಿ ಬಂದಿದ್ದ ಕೋತಿಗಳು ಎಲೆ ಹಾಕದ್ದಕ್ಕೆ ಸಿಟ್ಟಾಗಿ ತಮ್ಮತಮ್ಮಲ್ಲೇ ಕಚ್ಚಾಡಿಕೊಂಡವು. ದಡದಡ ಎಂದಿತು. ಹೆಂಚೊಂದು ಮುರಿದು ನೇರ ತೊಟ್ಟಿಲಿಗೆ ಬಿತ್ತು. ಮಗಳು ಕಿಟಾರನೆ ಕಿರುಚಿದಳು. ಎತ್ತಿಕೊಂಡು ನೋಡಿದರೆ ಮೈಯೆಲ್ಲ ದೂಳು, ಗಾಯ ಮಾತ್ರ ಇಲ್ಲ. ಹೆಂಚಿನ ಚೂರು ಅವಳ ತಲೆ ಇದ್ದ ಜಾಗದ ಪಕ್ಕದಲ್ಲೇ ಬಿದ್ದಿತ್ತು. ಮೇಲಿನಿಂದ ಒಂದು ಗಡವ ಕೋತಿ, ಕೂಸು ನೋಡಲು ಬಂದ ಬೀಗರ ಹಾಗೆ ಇಣುಕಿತು.

ನನಗೆ ತಲೆ ಕೆಟ್ಟುಹೋಯಿತು. ಮಗುವನ್ನು ಅಮ್ಮನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಗೆ ಅಡ್ಡ ನಿಂತ ಅಜ್ಜಿಯನ್ನು ಪಕ್ಕಕ್ಕೆ ಸರಿಸಿ ಹಿತ್ತಲಿಗೆ ಹೋದೆ. ಅಲ್ಲಿ ಸೂರು ತಗ್ಗು. ಏಣಿ ಹಾಕಿ ಹತ್ತಿ, ಬಟ್ಟೆ ಒಣಹಾಕುವ ಕೋಲಿನಿಂದ ಸಿಕ್ಕಿದ ಕೋತಿಗೆಲ್ಲ ಬಾರಿಸಿದೆ. ಅಕ್ಕಪಕ್ಕದವರು ಬೇಲಿಯ ಹತ್ತಿರ ಸೇರಿದರು. ಶಿಲಾಬಾಲಿಕೆಯರನ್ನು ನೋಡಲು ದೂರದಿಂದ ಬರುವ ಜನಕ್ಕೆ ತಲೆ ಕೆದರಿಕೊಂಡು ಏಣಿ ಹತ್ತಿದ ಬಾಣಂತಿಯ ಭಂಗಿ ದೇವಸ್ಥಾನದಲ್ಲೂ ಸಿಗುತ್ತಿರಲಿಲ್ಲ.

ಆಗ ಅಣ್ಣ ಬಂದರು. ಕೈಯಲ್ಲಿ ಪುಳಿಯೋಗರೆಯ ಪೊಟ್ಟಣ. ನನ್ನನ್ನು ನೋಡಿ, "ಇಳಿಯಮ್ಮ, ಥಂಡಿ ಆಗುತ್ತೆ" ಎಂದರು.

"ಥಂಡಿ ಬರ್ತಿರೋದೇ ನಿಮ್ಮ ಕೋತಿಗಳಿಂದ. ಹೆಂಚು ತೊಟ್ಟಿಲಿಗೆ ಬಿತ್ತು, ಗೊತ್ತಾ? ಸ್ವಲ್ಪದರಲ್ಲಿ ನನ್ನ ಮಗು ಹೋಗ್ತಿತ್ತು" ಎಂದೆ. ಹೆತ್ತ ತಂದೆಯ ಎದುರು ಅಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿರಲಿಲ್ಲ.

ಅಣ್ಣ ಪೊಟ್ಟಣವನ್ನು ಒಗೆಯುವ ಕಲ್ಲಿನ ಮೇಲಿಟ್ಟರು. ಆಮೇಲೆ ಬೇಲಿಯವರಿಗೆ ಕೇಳಿಸದ ಹಾಗೆ ಹೇಳಿದರು: "ನಿನ್ನ ತಮ್ಮ ಹೋದಾಗ ಆಂಜನೇಯನಿಗೆ ಹರಕೆ ಹೊತ್ತೆ ಕಣೇ. ಈ ಮನೇಲಿ ಇನ್ನೊಂದು ಕೂಸು ಹೋಗದ ಹಾಗೆ ಕಾಯಪ್ಪ, ಶನಿವಾರ ಶನಿವಾರ ನಿನ್ನವರಿಗೆ ಉಣ್ಣಿಸ್ತೀನಿ ಅಂತ."

ಆ ಹೋದ ಕೂಸನ್ನು ಅಣ್ಣ ಮರೆತೇಬಿಟ್ಟಿದ್ದಾರೆ ಎಂದು ನಾನು ತಿಳಿದಿದ್ದೆ. ಇವರು ಅಷ್ಟು ವರ್ಷ ತಮ್ಮ ಭಯವನ್ನೇ ಉಂಡೆ ಕಟ್ಟಿ ನಮ್ಮದೇ ಸೂರಿಗೆ ಎಸೆಯುತ್ತಿದ್ದರು. ನನಗೆ ಸಿಟ್ಟು ಇಳಿಯಲಿಲ್ಲ, ಅಳುವೂ ಬಂತು. ಏಣಿಯ ಮೇಲೆ ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಕಷ್ಟ. ಹಿತ್ತಲಲ್ಲಿ ಒಟ್ಟಿದ್ದ ಹೊಸ ಹೆಂಚು ತೋರಿಸಿ, ಕೊಡಿ ಎಂದೆ.

ಅವರು ಪಂಚೆ ಎತ್ತಿ ಕಟ್ಟಿ ಏಣಿಯ ಬುಡಕ್ಕೆ ಬಂದು ಒಂದು ಹೆಂಚು ಕೊಟ್ಟರು.

"ಕೂಸಿಗೆ ತಗುಲಲಿಲ್ಲ ತಾನೆ?"

"ಇಲ್ಲ ಅಣ್ಣ."

ಮುಂದಿನ ಹೆಂಚು ಕೊಡುವಾಗಲೂ ಅದನ್ನೇ ಕೇಳಿದರು. ಅದರ ಮುಂದಿನದಕ್ಕೂ.