ಹೆಂಡತಿಯ ಹೆಸರಿಗೆ ಬಂದ ಸರ್ಟಿಫಿಕೇಟು

ಓರೆಸ್ಟ್ ಪ್ರೊಕೊಪ್ ಅವರನ್ನು ನಮ್ಮ ಕ್ರೇನ್ ಕ್ರೀಕಿನಲ್ಲಿ ಹೆಸರು ಹಿಡಿದು ಕರೆಯುವವರು ಇಬ್ಬರೇ: ಅವರ ಹೆಂಡತಿ ಸ್ಟೆಫ್ಕಾ ಮತ್ತು ಚರ್ಚಿನ ಪಾದ್ರಿ. ಉಳಿದ ನಮಗೆಲ್ಲ ಅವರು ಕೋಚ್. ಮೂವತ್ತೊಂದು ವರ್ಷ ಊರಿನ ಹತ್ತು ವರ್ಷದ ಆಸುಪಾಸಿನ ಮಕ್ಕಳಿಗೆ ಐಸ್ ಹಾಕಿ ಕಲಿಸಿದವರು. ನನಗೆ ಸ್ಕೇಟಿನ ಲೇಸು ಬಿಗಿಯುವುದನ್ನು ಹೇಳಿಕೊಟ್ಟವರೂ ಅವರೇ. ಅವರ ಕೈಯಲ್ಲಿ ಪಳಗಿದ ಯಾರೂ ದೊಡ್ಡ ಆಟಗಾರರಾಗಲಿಲ್ಲ. "ಗೋಧಿ ಬೆಳೆಯೋರು ಬೇಕಲ್ಲಮ್ಮ ದೇಶಕ್ಕೆ," ಎಂದು ನಗುತ್ತಿದ್ದರು.

ಊರಿನ ಮಕ್ಕಳ ಹಾಕಿ ಸಂಘದಲ್ಲಿ ಹೆಸರು ನೋಂದಾಯಿಸುವ ಕೆಲಸ ನನ್ನದು. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. ಆ ಶರತ್ಕಾಲ ಪಂದ್ಯಗಳನ್ನು ನಡೆಸುವ ಲೀಗಿನವರಿಂದ ಕಾಗದ ಬಂತು. ಬೆಂಚಿನ ಹಿಂದೆ ನಿಲ್ಲುವ ಕೋಚ್ ಆರು ಗಂಟೆಯ ಕಂಪ್ಯೂಟರ್ ಪಾಠ ಮುಗಿಸಿರಬೇಕು, ನಗರದಲ್ಲಿ ಒಂದು ದಿನದ ಶಿಬಿರಕ್ಕೆ ಹೋಗಿರಬೇಕು, ತನ್ನ ಮೇಲೆ ಯಾವ ಕೇಸೂ ಇಲ್ಲವೆಂಬ ಪೊಲೀಸರ ಚೀಟಿ ತಂದಿರಬೇಕು. ನವೆಂಬರ್ ಹದಿನೈದು ಕೊನೆ. ತರಬೇತಿಯಾದ ಕೋಚ್ ಇಲ್ಲದ ತಂಡ ಆಡುವಂತಿಲ್ಲ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ತಲೆಗೆ ಪೆಟ್ಟು ಬಿದ್ದ ಮಗುವನ್ನು "ಏನಾಗಲ್ಲ, ಆಡು" ಎಂದು ಮತ್ತೆ ಐಸಿಗೆ ದಬ್ಬಿದ ಕೋಚ್‌ಗಳನ್ನು ನಾನೂ ಕಂಡಿದ್ದೇನೆ.

ನಮಗಿದ್ದದ್ದು ಹನ್ನೊಂದು ಮಕ್ಕಳು. ಮುಂದಿನ ವರ್ಷ ನಮ್ಮ ತಂಡ ಪಕ್ಕದ ದೊಡ್ಡ ಊರಿನದರಲ್ಲಿ ಸೇರಿಹೋಗುವುದು ನಿಶ್ಚಯವಾಗಿತ್ತು. ಅಲ್ಲಿ ಅವರದೇ ಕೋಚ್‌ಗಳು. ಕೋಚ್‌ಗೆ ಬೇಕಾಗಿದ್ದದ್ದು ಇದೊಂದು ಚಳಿಗಾಲ, ಅಷ್ಟೇ.

"ಮಾರ್ಲೀನ್, ಈ ವಯಸ್ಸಲ್ಲಿ ನನ್ನನ್ನ ಸ್ಕೂಲಿಗೆ ಕಳಿಸ್ತೀಯಾ?" ಎಂದು ಮೊದಲು ರೇಗಿದರು. ಆಮೇಲೆ ಹೋದರು. ಶಿಬಿರದಲ್ಲಿ ತಮ್ಮ ಮಕ್ಕಳ ವಯಸ್ಸಿನ ಕೋಚ್‌ಗಳ ಜೊತೆ ಇಡೀ ದಿನ ಸ್ಕೇಟ್ ಮಾಡಿ ಬಂದು ಎರಡು ದಿನ ಸೊಂಟ ಹಿಡಿದುಕೊಂಡು ಮಲಗಿದರು. ಕಂಪ್ಯೂಟರ್ ಪಾಠವನ್ನು ಅಡುಗೆಮನೆಯ ಮೇಜಿನ ಮೇಲೆ ಗಂಡ ಹೆಂಡತಿ ಕೂಡಿ ಮುಗಿಸಿದರು. ಇವರು ಉತ್ತರ ಹೇಳುವುದು, ಸ್ಟೆಫ್ಕಾ ಒತ್ತುವುದು. ಇವರ ಬೆರಳು ಒಮ್ಮೆಗೆ ಮೂರು ಅಕ್ಷರ ಒತ್ತುತ್ತಿತ್ತು.

ಎಡವಟ್ಟಾಗಿದ್ದು ಅಲ್ಲೇ. ಮೊಮ್ಮಗಳನ್ನು ತಂಡಕ್ಕೆ ಸೇರಿಸುವಾಗ ಸ್ಟೆಫ್ಕಾ ಲೀಗಿನ ವೆಬ್‌ಸೈಟಿನಲ್ಲಿ ತನ್ನ ಹೆಸರಿನಲ್ಲಿ ಖಾತೆ ತೆರೆದಿದ್ದರು. ಪಾಠ ಮಾಡಿದ್ದೂ, ಶಿಬಿರಕ್ಕೆ ಜಾಗ ಹಿಡಿದದ್ದೂ ಅದೇ ಖಾತೆಯಿಂದ. ಶಿಬಿರಕ್ಕೆ ಬಂದವರ ಪಟ್ಟಿ ನನಗೂ ಬಂದಿತ್ತು. 'ಪ್ರೊಕೊಪ್' ಎಂಬುದನ್ನು ನೋಡಿ ಗುರುತು ಹಾಕಿದೆ. ಅದರ ಹಿಂದಿನ ಹೆಸರು ಓದುವಷ್ಟು ವ್ಯವಧಾನ ನನಗಿರಲಿಲ್ಲ. ಇವತ್ತಿಗೂ ಅದಕ್ಕಾಗಿ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಹದಿನಾಲ್ಕನೇ ತಾರೀಖು ಸರ್ಟಿಫಿಕೇಟು ಬಂತು: ಸ್ಟೆಫಾನಿಯಾ ಪ್ರೊಕೊಪ್, ಅಂದರೆ ನಮ್ಮ ಸ್ಟೆಫ್ಕಾ. ಹುಟ್ಟಿದಾಗಿನಿಂದ ಸ್ಕೇಟ್ ಕಾಲಿಗೆ ಹಾಕದ ಹೆಂಗಸು.

ನಾನು ಲೀಗಿಗೆ ಫೋನು ಮಾಡಿದೆ. "ಶಿಬಿರಕ್ಕೆ ಬಂದಿದ್ದು ಅರವತ್ತೆಂಟು ವರ್ಷದ ಗಂಡಸು, ಮೀಸೆ ಬೇರೆ ಇದೆ. ನಿಮ್ಮವರಿಗೆ ಕಣ್ಣಿಲ್ವಾ?"

"ಇರಬಹುದು ಮೇಡಂ," ಎಂದಳು ಫೋನು ಎತ್ತಿದ ಹುಡುಗಿ, ಪಾಪ, ಮೆಲ್ಲಗೆ. "ದಾಖಲೆಯಲ್ಲಿ ಇರೋ ಹೆಸರು ನಾನು ಬದಲಾಯಿಸೋ ಹಾಗಿಲ್ಲ. ಅರ್ಜಿ ಕೊಡಿ. ಮಾರ್ಚಲ್ಲಿ ಸಭೆ ಇದೆ."

ಮಾರ್ಚಿಗೆ ನಮ್ಮ ಆಟವೇ ಮುಗಿಯುತ್ತದೆ. ಆ ವರ್ಷದ ಶಿಬಿರಗಳೂ ಮುಗಿದಿದ್ದವು.

ಕೋಚ್ ಮನೆಗೆ ಹೋಗಿ ಹೇಳಿದೆ. ಅವರು ಸರ್ಟಿಫಿಕೇಟನ್ನು ಮಡಚಿ ಮೇಜಿನ ಮೇಲಿಟ್ಟರು.

"ಬೇರೆ ಅಪ್ಪ ಅಮ್ಮಂದಿರು ಯಾರೂ ಈ ತರಬೇತಿ ಮಾಡ್ಲಿಲ್ವಾ?"

"ನೀವಿದೀರಲ್ಲ ಅಂತ ಎಲ್ಲರೂ ಸುಮ್ನಿದ್ರು, ಕೋಚ್."

ಉಳಿದದ್ದು ಒಂದೇ ದಾರಿ. ಮಾರನೇ ದಿನ ಸ್ಟೆಫ್ಕಾ ಪೊಲೀಸರ ಚೀಟಿ ತಂದರು. ಕಾಗದದ ಮೇಲೆ ನಮ್ಮೂರ ತಂಡಕ್ಕೆ ಅವರೇ ಕೋಚ್ ಆದರು. ಸರ್ಟಿಫಿಕೇಟಿಲ್ಲದ ನಮ್ಮ ಕೋಚ್ ಅಭ್ಯಾಸಕ್ಕೂ ಐಸಿಗೆ ಇಳಿಯುವಂತಿಲ್ಲ. ಆಟದ ದಿನ ಬೆಂಚಿನ ಎದುರುಗಡೆ, ಪ್ರೇಕ್ಷಕರ ಮೆಟ್ಟಿಲ ಮೇಲೆ, ದಪ್ಪ ಗಾಜಿನ ಹಿಂದೆ ನಿಲ್ಲಬೇಕು.

ಮೊದಲ ಆಟದ ಹಿಂದಿನ ದಿನ ಕೋಚ್ ಮೇಜಿನ ಮೇಲೆ ಪೆರೋಗಿ ಕಡುಬುಗಳನ್ನು ಆಟಗಾರರ ಹಾಗೆ ಜೋಡಿಸಿ ಹೆಂಡತಿಗೆ ಪಾಠ ಹೇಳುತ್ತಿದ್ದರು.

"ಇವಳು ಮುಂದೆ ಹೋದ್ರೆ ಇವನು ಹಿಂದೆ ಬರಬೇಕು. ಗೊತ್ತಾಯ್ತಾ? ಏ, ಎಡಗಡೆ ಇದ್ದವನು ಎಲ್ಲಿ?"

"ತಿಂದೆ. ಆರಿ ಹೋಗ್ತಿತ್ತು."

"ದೇವರೇ, ಇವಳ ಕೈಗೆ ಕೊಟ್ಟೆನಲ್ಲ ನನ್ನ ಮಕ್ಕಳನ್ನ!"

ನಕ್ಕೆವು. ಆದರೆ ಆಟದ ದಿನ ನಗು ಬರುತ್ತಿರಲಿಲ್ಲ. ಗಾಜಿನ ಆಚೆ ಸ್ಟೆಫ್ಕಾ ದೊಗಳೆ ಕೋಟು ಹಾಕಿಕೊಂಡು ನೀರಿನ ಬಾಟಲಿ ಹಂಚುತ್ತಿದ್ದರು. ಈಚೆ ಕೋಚ್ ನನ್ನ ಪಕ್ಕದಲ್ಲಿ ನಿಂತು "ಆಡೋರನ್ನ ಬದಲಾಯಿಸು, ಬದಲಾಯಿಸೇ" ಎಂದು ಗೊಣಗುತ್ತಿದ್ದರು. ಒಳಗೆ ನುಗ್ಗಿಬಿಡಲಿ ಎಂದು ಎಷ್ಟೋ ಸಲ ನನಗೇ ಅನ್ನಿಸಿತ್ತು. ನುಗ್ಗಿದ್ದರೆ ಆಟ ಮಕ್ಕಳ ಕೈ ತಪ್ಪುತ್ತಿತ್ತು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮಾರ್ಚಿನ ಮೊದಲ ಶನಿವಾರ ಕೊನೆಯ ಆಟ. ಕ್ರೇನ್ ಕ್ರೀಕ್ ಹೆಸರಿನ ಅಂಗಿ ತೊಟ್ಟು ಮಕ್ಕಳು ಆಡುವ ಕೊನೆಯ ದಿನವೂ ಅದೇ. ಎರಡೆರಡು ಗೋಲು ಸಮವಾಗಿದ್ದಾಗ ನಮ್ಮ ಗೋಲು ಕಾಯುವ ಟೆಸ್ಸಾ ಸುಲಭವಾಗಿ ತಡೆಯಬಹುದಾದ ಪಕ್ ಬಿಲ್ಲೆಯೊಂದನ್ನು ಕಾಲಸಂದಿಯಲ್ಲಿ ಬಿಟ್ಟಳು. ಮರುಕ್ಷಣವೇ ಇನ್ನೊಂದು. ಮುಖವಾಡದೊಳಗೆ ಅಳುತ್ತಿದ್ದಾಳೆಂದು ಭುಜ ನೋಡಿದರೇ ತಿಳಿಯುತ್ತಿತ್ತು. ಕೋಚ್ ಗಾಜು ಗುದ್ದಿದರು. ಒಂದು ಅಂಗೈಯನ್ನು ಇನ್ನೊಂದರ ಬೆರಳ ತುದಿಯ ಮೇಲಿಟ್ಟು ಎತ್ತಿ ತೋರಿಸಿದರು: ಆಟ ನಿಲ್ಲಿಸು, ಸಮಯ ಕೇಳು. ಸ್ಟೆಫ್ಕಾಗೆ ಕೊನೆಗೂ ಹೊಳೆಯಿತು. ರೆಫರಿ ಮೂವತ್ತು ಸೆಕೆಂಡು ಕೊಟ್ಟ.

ಮಕ್ಕಳು ಬೆಂಚಿನ ಹತ್ತಿರ ಗುಂಪುಗೂಡಿದರು. ಸ್ಟೆಫ್ಕಾ ಅವರಿಗೆ ಹೇಳಿದ್ದು ಇಷ್ಟೇ ಎಂದು ಆಮೇಲೆ ನನಗೆ ತಿಳಿಸಿದರು: "ಮಕ್ಕಳಾ, ನಂಗೇನೂ ಗೊತ್ತಿಲ್ಲ ಕಣ್ರೋ. ಅಲ್ಲಿ, ಅವರನ್ನ ನೋಡಿ."

ಹನ್ನೊಂದು ಮುಖವಾಡಗಳೂ ನಮ್ಮ ಕಡೆ ತಿರುಗಿದವು.

ಕೋಚ್ ಬಾಯಿ ತೆರೆದರು. "ಟೆಸ್ಸಾ," ಎಂದು ಕೂಗಿದರು. "ಹೋಗಿದ್ದು ಹೋಯ್ತು ಮಗಳೇ, ಮೊಣಕಾಲು ಬಗ್ಗಿಸು, ಪಕ್ ನೋಡು." ಗಂಟಲು ಹರಿಯುವಂತೆ ಮತ್ತೆ ಕೂಗಿದರು. ನಡುವೆ ಅಷ್ಟಗಲ ಐಸು, ಗಾಜು, ಜನರ ಗದ್ದಲ. ಟೆಸ್ಸಾ ತಲೆ ಓರೆ ಮಾಡಿ ಕೇಳಿಸಿಕೊಳ್ಳಲು ನೋಡಿದಳು, ಕೇಳಿಸಲಿಲ್ಲವೆಂದು ತಲೆಯಾಡಿಸಿದಳು. ಅವರು ಮೂರನೇ ಸಲ ಕೂಗಲು ಹೊರಟು ನಿಲ್ಲಿಸಿದರು. ಕೈಗಳು ಸುಮ್ಮನೆ ಜೋತುಬಿದ್ದವು. ರೆಫರಿ ಶಿಳ್ಳೆ ಊದಿದ.

"ಮಾರ್ಲೀನ್," ಎಂದರು, ನನ್ನ ಕಡೆ ನೋಡದೆ. "ಒಂದು ಮಾತಾದ್ರೂ ಕೇಳಿಸ್ತಾ ಅವಳಿಗೆ?"

"ಇಲ್ಲ, ಕೋಚ್," ಎಂದೆ.

ಟೆಸ್ಸಾ ಮೂಗು ಒರೆಸಿಕೊಳ್ಳಲು ಹೋದಳು. ಮುಖವಾಡ ಅಡ್ಡ ಬಂತು. ಹಾಗೇ ಹೋಗಿ ಗೋಲಿನ ಮುಂದೆ ಒಬ್ಬಳೇ ನಿಂತುಕೊಂಡಳು.